ಬನ್ನಿಯ ನೆರಳು, ಫಲಜ್‌ನ ನೀರು

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಏರುತಗ್ಗಿನ ರಸ್ತೆಗಳಲ್ಲಿ ಸಂಜೆ ಅಡ್ಡಾಡುವ ನಮ್ಮವರಿಗೆ ಒಂದು ದೃಶ್ಯ ಚಿರಪರಿಚಿತ. ಒಂದು ಕಡೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ, ಇನ್ನೊಂದು ಕಡೆ ಬಿಳಿಯ ಮನೆಗಳ ಕಾಂಪೌಂಡಿನಿಂದ ಇಣುಕುವ ಬೋಗನ್‌ವಿಲ್ಲಾ, ಬೇವು, ಖರ್ಜೂರ. ಊರಿನಿಂದ ಬಂದ ನೆಂಟರು “ಮರುಭೂಮಿಯನ್ನೇ ನಂದನವನ ಮಾಡಿದ್ದಾರಲ್ಲ!” ಎಂದು ಬೆರಗಾಗುತ್ತಾರೆ. ಬೆರಗು ಸಹಜವೇ. ಆದರೆ ಈ ಹಸಿರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ಮನೆಯ ಅಂಗಳಕ್ಕಾಗಲಿ, ಆಸ್ಪತ್ರೆಯ ಆವರಣಕ್ಕಾಗಲಿ ಎಂಥ ತೋಟ ಒಪ್ಪುತ್ತದೆ ಎಂಬುದು ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಸಂಘದ ಹುಟ್ಟುಹಬ್ಬದ ಈ ಶುಭ ಸಂದರ್ಭದಲ್ಲಿ, ನಮಗೆ ಅನ್ನ ನೀಡಿದ ನೆಲದ ನೀರಿನ ಕಥೆಯನ್ನು ಸ್ವಲ್ಪ ನೆನೆಯೋಣ.

ಒಮಾನಿನ ಜನ ಶತಮಾನಗಳ ಕಾಲ ನಂಬಿ ಬದುಕಿದ್ದು ಫಲಜ್ ಎಂಬ ನೀರಿನ ಕಾಲುವೆಯನ್ನು. ಬೆಟ್ಟದ ಬುಡದಲ್ಲಿ ಆಳವಾದ ತಾಯಿಬಾವಿ ತೋಡಿ, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ನೆಲದಡಿಯ ಸುರಂಗ ಕೊರೆದು, ಯಾವ ಯಂತ್ರವೂ ಇಲ್ಲದೆ ನೀರನ್ನು ಊರಿಗೆ ಹರಿಸುವುದು ‘ದಾವೂದಿ’ ಬಗೆಯ ಫಲಜ್. ಬುಗ್ಗೆಯಿಂದ ಬರುವುದು ‘ಐನಿ’, ವಾದಿಯ, ಎಂದರೆ ಮಳೆ ಬಂದಾಗ ಹರಿಯುವ ಒಣಹಳ್ಳದ, ಮೇಲ್ನೀರನ್ನು ತಿರುಗಿಸಿಕೊಳ್ಳುವುದು ‘ಘೈಲಿ’. ಇಂದಿಗೂ ಸುಮಾರು 3,000 ಫಲಜ್‌ಗಳು ಬಳಕೆಯಲ್ಲಿವೆ. ನಿಜ್ವಾದ ಫಲಜ್ ದಾರಿಸ್, ಬಿರ್ಕತ್ ಅಲ್ ಮೌಜ್‌ನ ಫಲಜ್ ಅಲ್ ಖತ್ಮೀನ್ ಸೇರಿದಂತೆ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಲುವೆಗಿಂತಲೂ ದೊಡ್ಡದು ಅದರ ನ್ಯಾಯ. ನೀರು ಊರನ್ನು ಹೊಕ್ಕ ಕೂಡಲೇ ಮೊದಲ ಹಕ್ಕು ಕುಡಿಯುವವರದು. ನಂತರ ಮಸೀದಿ, ಸ್ನಾನಗೃಹ. ಆಮೇಲೆ ಖರ್ಜೂರದ ತೋಟ. ಎಲ್ಲಕ್ಕೂ ಕೊನೆಯಲ್ಲಿ ಹಂಗಾಮಿನ ಬೆಳೆ. ಬರ ಬಂದರೆ ಆ ಕೊನೆಯ ಹೊಲವನ್ನು ಬೀಳುಬಿಟ್ಟು ಮರಗಳನ್ನು ಉಳಿಸಿಕೊಳ್ಳುತ್ತಾರೆ. ಹಗಲಿನಲ್ಲಿ ನೆರಳನ್ನು, ಇರುಳಿನಲ್ಲಿ ನಕ್ಷತ್ರಗಳನ್ನು ನೋಡಿ ಪಾಲು ಹಂಚುತ್ತಿದ್ದರು. ಸುಮಾರು ಅರ್ಧ ಗಂಟೆಯ ಒಂದು ಪಾಲಿಗೆ ‘ಅಥರ್’ ಎಂದು ಹೆಸರು.

ಇದು ನಮಗೆ ತೀರ ಅಪರಿಚಿತವಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಬಂಧುಗಳು ಮನೆಯ ಹಿಂದಿನ ಗುಡ್ಡದಲ್ಲಿ ಸುರಂಗವನ್ನು ನೋಡಿಯೇ ಬೆಳೆದಿದ್ದಾರೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಅಂಗಳಕ್ಕೂ ಅಡಿಕೆ ತೋಟಕ್ಕೂ ತರುವ ವಿದ್ಯೆ ಅದು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹಲವು ಸುರಂಗಗಳು ನೀರು ಕಾಣದೆ ಹೋದರೂ ಕೈಬಿಡದೆ ಒಬ್ಬರೇ ಅಗೆದು, ಬೋಳು ಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಿಜ್ವಾದ ರೈತನೂ ಅಡ್ಯನಡ್ಕದ ರೈತನೂ ಎದುರುಬದುರು ಕುಳಿತರೆ, ಭಾಷೆ ಬಾರದಿದ್ದರೂ ಮಾತು ನಿಲ್ಲಲಾರದು.

1970ರಲ್ಲಿ ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದ ಮೇಲೆ ಮಸ್ಕತ್ ಬಹು ಬೇಗ ಬೆಳೆಯಿತು. ಅವರ ಹೆಸರನ್ನೇ ಹೊತ್ತ ನಮ್ಮ ಬಡಾವಣೆಯೂ ಆ ದಶಕದ ಕೂಸು. 1976ರಲ್ಲಿ ಘುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಶುರುವಾಯಿತು. 1987ರಲ್ಲಿ ರಾಯಲ್ ಆಸ್ಪತ್ರೆ, 1990ರಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆ ಬಂದವು. ನಲ್ಲಿ ತಿರುಗಿಸಿದರೆ ನೀರು! ಪಾಲು ಹಂಚುವ ನಕ್ಷತ್ರಗಳ ಅಗತ್ಯ ಪಟ್ಟಣಕ್ಕೆ ಉಳಿಯಲಿಲ್ಲ. ಮನೆಗಳ ಮುಂದೆ ಹುಲ್ಲುಹಾಸು ಬಂತು. ನಾನೂ ಇಲ್ಲಿಗೆ ಬಂದ ಹೊಸತರಲ್ಲಿ ಊರಿನ ನೆನಪಿಗೆಂದು ಅಂಗೈಯಗಲದ ಹುಲ್ಲು ಬೆಳೆಸಿದವನೇ. ಬೇಸಿಗೆಯಲ್ಲಿ ಎರಡು ಹೊತ್ತು ನೀರುಣಿಸಿದರೂ ಅದು ಹಳದಿಯಾಗುತ್ತಿತ್ತು. ಸಮುದ್ರದ ಉಪ್ಪನ್ನು ಇಂಧನ ಸುಟ್ಟು ತೆಗೆದ ನೀರನ್ನು ಮಣ್ಣಿಗೆ ಸುರಿಯುತ್ತಿದ್ದೇನೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದ್ದು 2007ರ ಜೂನ್‌ನಲ್ಲಿ ಬಂದ ಗೋನು ಚಂಡಮಾರುತ. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಕಾಣುವ ಸೀಮೆಯಲ್ಲಿ ಕೆಲವೆಡೆ 600 ಮಿಲಿಮೀಟರಿಗೂ ಮಿಕ್ಕಿ ಸುರಿಯಿತು. ಒಮಾನಿನಲ್ಲಿ ಸುಮಾರು 50 ಜನ ಅಸುನೀಗಿದರು. ನಮ್ಮ ಪಕ್ಕದ ಖುರಂನಲ್ಲಿ ಅಂಗಡಿಗಳು, ಕಾರುಗಳು ಕೆಸರಿನಲ್ಲಿ ಮುಳುಗಿದವು. ಸಿಹಿನೀರಿನ ಸ್ಥಾವರಗಳು ನಿಂತು, ಹಲವು ದಿನ ನಲ್ಲಿಗಳು ಬತ್ತಿದವು. ಹೊರಗೆ ಎಲ್ಲೆಲ್ಲೂ ನೀರು, ಒಳಗೆ ಬಕೆಟ್ಟಿನಲ್ಲಿ ಕುಡಿಯಲು ಹನಿಯಿಲ್ಲ. ಒಣಗಿ ಬಿದ್ದಿರುವ ವಾದಿ ಖಾಲಿ ನಿವೇಶನವಲ್ಲ, ಅದು ನೀರು ತನಗಾಗಿ ಕಾಯ್ದಿರಿಸಿದ ದಾರಿ ಎಂಬ ಪಾಠ ಅಂದು ಸಿಕ್ಕಿತು. ಕಟ್ಟಡಕ್ಕೆ ಮೊದಲು ನೀರಿನ ದಾರಿ ನೋಡು ಎಂಬ ಮಾತು ಮನೆಗೆಷ್ಟೋ, ಇಂಥ ದಿನಗಳಲ್ಲೇ ಬಾಗಿಲು ತೆರೆದಿರಬೇಕಾದ ಆಸ್ಪತ್ರೆಗೆ ಅದರ ಎರಡರಷ್ಟು ಅನ್ವಯ.

ಹಾಗಾದರೆ ತೋಟವೇ ಬೇಡವೇ? ವೈದ್ಯನಾಗಿ ನಾನು ಹಾಗೆ ಹೇಳಲಾರೆ. 1984ರಲ್ಲಿ ರೋಜರ್ ಉಲ್‌ರಿಚ್ ಎಂಬುವರು ಅಮೆರಿಕದ ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 23 ರೋಗಿಗಳ ಕಿಟಕಿಗೆ ಮರಗಳು ಕಾಣುತ್ತಿದ್ದವು, ಅವರಿಗೆ ಸರಿಹೊಂದುವ ಇನ್ನು 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರವಾದ ನೋವು ನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಅಧ್ಯಯನ ಚಿಕ್ಕದೇ. ಆದರೂ ವಾರ್ಡಿನಲ್ಲಿ ನಿತ್ಯ ರೌಂಡ್ಸ್ ಮಾಡುವ ನನಗೆ ಅದು ಅಚ್ಚರಿ ಎನಿಸಲಿಲ್ಲ. ರೋಗಿಗೆ ಬೇಕಾದದ್ದು ಒಂದು ಮರ, ಅದರಡಿ ಒಂದು ಬೆಂಚು. ಎಕರೆಗಟ್ಟಲೆ ಹುಲ್ಲಲ್ಲ.

ಆ ಮರ ಯಾವುದು? ಉತ್ತರ ಈ ನೆಲದಲ್ಲೇ ಇದೆ. ಒಮಾನಿನ ಒಳನಾಡಿನ ಬಯಲಿನಲ್ಲಿ, ಮರಳಿನ ಅಂಚಿನಲ್ಲಿ ಒಂಟೆ ಆಡುಗಳಿಗೆ ನೆರಳು ಮೇವು ಕೊಡುತ್ತಾ ನಿಂತ ಘಾಫ್ ಮರವನ್ನು ನೀವು ನೋಡಿರುತ್ತೀರಿ. ಆಳಕ್ಕೆ ಬೇರಿಳಿಸಿ, ಸ್ವಲ್ಪವೇ ನೀರಿನಲ್ಲಿ ಬಾಳುವ ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪ್ರೊಸೋಪಿಸ್ ಸಿನೆರೇರಿಯ. ಅದೇ ನಮ್ಮ ಶಮೀವೃಕ್ಷ, ಬನ್ನಿ! ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಮರ, ವಿಜಯದಶಮಿಯಂದು ಜಂಬೂ ಸವಾರಿ ಬನ್ನಿಮಂಟಪಕ್ಕೆ ಹೊರಡುವುದು ಯಾವ ಮರದ ಪೂಜೆಗೋ ಆ ಮರ. ಉತ್ತರ ಕರ್ನಾಟಕದವರು ಹಬ್ಬದಂದು ಎಲೆ ಹಂಚಿ “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎನ್ನುತ್ತಾರಲ್ಲ, ಆ ಬಂಗಾರ ಇಲ್ಲಿ ನಮಗಿಂತ ಮೊದಲೇ ನೆಲೆಯೂರಿದೆ. ಇದರ ಹತ್ತಿರದ ನಂಟ ಬಳ್ಳಾರಿ ಜಾಲಿ ಮಾತ್ರ ಎರಡೂ ನಾಡುಗಳಲ್ಲಿ ಹೊರಗಿನಿಂದ ಬಂದು ಹಬ್ಬಿದ ಮುಳ್ಳು. ಅದರ ಪರಾಗದಿಂದ ಅಲರ್ಜಿ ಬೇರೆ. ಎಲ್ಲ ಹಸಿರೂ ಒಂದೇ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಮಸ್ಕತ್ ನಗರವೂ ದಾರಿ ತೋರಿದೆ. ಹೆದ್ದಾರಿಗಳ ಬದಿಯ ಗಿಡಗಳಿಗೆ ಶುದ್ಧೀಕರಿಸಿದ ಬಳಸಿದ ನೀರನ್ನು ಹನಿ ನೀರಾವರಿಯಲ್ಲಿ ಉಣಿಸುತ್ತಾರೆ. ಒಮ್ಮೆ ಬಳಸಿದ್ದು ಮತ್ತೆ ಮರಕ್ಕೆ: ಇದು ಫಲಜ್‌ನ ನ್ಯಾಯವೇ, ಹೊಸ ವೇಷದಲ್ಲಿ. ನಮ್ಮ ಮನೆಗಳಲ್ಲೂ ಆಗುವಷ್ಟು ಮಾಡಬಹುದು. ಹುಲ್ಲಿನ ಬದಲು ಬೇವು, ಘಾಫ್, ನಮ್ಮ ಬೋರೆಯ ಸಂಬಂಧಿ ಸಿದ್ರ್ ನೆಡೋಣ. ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಹಾಕುವ ಅಮ್ಮನ ಪಾಠ ಮರೆಯದಿರೋಣ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. 2018-19ರಲ್ಲಿ ಮಸ್ಕತ್‌ನಲ್ಲೇ ಡೆಂಗಿ ಹರಡಿದ್ದನ್ನು ಕಂಡಿದ್ದೇವೆ.

ನನ್ನ ಹುಲ್ಲುಹಾಸು ಈಗಿಲ್ಲ. ಅಲ್ಲೊಂದು ಘಾಫ್ ಸಸಿ ಇದೆ, ಇನ್ನೂ ಮಕ್ಕಳ ಎತ್ತರ. ನಾವು ಈ ಮನೆಗಳಲ್ಲಿ ಬಾಡಿಗೆದಾರರು, ಒಂದು ದಿನ ಹೊರಡುವವರು. ಮರ ಉಳಿಯುತ್ತದೆ. ಮುಂದೆ ಅಲ್ಲಿ ವಾಸಿಸುವವರು ಅದನ್ನು ಘಾಫ್ ಎನ್ನಲಿ, ಬನ್ನಿ ಎನ್ನಲಿ, ನೆರಳು ಒಂದೇ. ನಮ್ಮ ಸಂಘವೂ ಹಾಗೆಯೇ ಈ ನೆಲದಲ್ಲಿ ಆಳಕ್ಕೆ ಬೇರಿಳಿಸಿ, ಬಂದವರಿಗೆಲ್ಲ ನೆರಳಾಗಲಿ ಎಂದು ಹಾರೈಸುತ್ತೇನೆ.