ಭೋಪಾಲದ ಆ ಎಂಟು ವಾರ ಮತ್ತು ನಮ್ಮ ಸಕಲವಾರ

ಬನ್ನೇರುಘಟ್ಟಕ್ಕೆ ಹುಲಿ ಸಿಂಹ ನೋಡಲು ಹೋಗುವವರಲ್ಲಿ ಎಷ್ಟು ಜನಕ್ಕೆ ಹತ್ತಿರದ ಸಕಲವಾರ ಗೊತ್ತೋ ಕಾಣೆ. ನನಗಂತೂ ಗೊತ್ತಿರಲಿಲ್ಲ. ಭೋಪಾಲದ ಬಗ್ಗೆ ಓದುತ್ತಾ ಹೋದಾಗ ಈ ಹಳ್ಳಿಯ ಕಥೆ ಸಿಕ್ಕಿತು!

1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿದಾಗ ನಾನಿನ್ನೂ ಶಾಲೆ ಹುಡುಗ. ಮಣ್ಣಿನಲ್ಲಿ ಹೂತ ಮಗುವಿನ ಮುಖದ ಆ ಫೋಟೊ ನೋಡಿದ್ದು ಈಗಲೂ ಕಣ್ಣ ಮುಂದಿದೆ. ಕಣ್ಣು, ಶ್ವಾಸಕೋಶ ಹಾಳಾದ ಸುದ್ದಿ ದಿನಾ ಬರುತ್ತಿತ್ತು. ಮನಸ್ಸಿನದ್ದು? ಮೊದಲ ಎಂಟು ವಾರ ಪರಿಹಾರದ ಕೆಲಸದಲ್ಲಿ ಮನೋವೈದ್ಯರೇ ಇರಲಿಲ್ಲವಂತೆ. ಎಲ್ಲಿಂದ ತರುವುದು ಹೇಳಿ, ಆಗ ಮಧ್ಯಪ್ರದೇಶದ ಐದೂ ಮೆಡಿಕಲ್ ಕಾಲೇಜುಗಳಲ್ಲಿ ಒಬ್ಬ ಮನೋವೈದ್ಯ ಅಧ್ಯಾಪಕರೂ ಇರಲಿಲ್ಲ.

1985ರ ಫೆಬ್ರವರಿಯಲ್ಲಿ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ, ಲಖನೌದ ಡಾ. ಬಿ. ಬಿ. ಸೇಥಿ ಅಲ್ಲಿಗೆ ಹೋದರು. ಆಮೇಲೆ ಲಖನೌ ತಂಡ ಹತ್ತು ಚಿಕಿತ್ಸಾಲಯಗಳಲ್ಲಿ 855 ರೋಗಿಗಳನ್ನು ನೋಡಿತು. ಅವರಲ್ಲಿ 193 ಜನಕ್ಕೆ ಮಾನಸಿಕ ಕಾಯಿಲೆಯಿತ್ತು, ಹೆಚ್ಚಿನವರು ಹೆಂಗಸರು. ಚೀಟಿಯಲ್ಲಿ ಬರೆದದ್ದು ಬಹುಪಾಲು ಖಿನ್ನತೆ, ಆತಂಕ ಎಂದು. 'ಪಿಟಿಎಸ್‌ಡಿ' ಎಂಬ ಹೆಸರು ಅಮೆರಿಕದ ಕೈಪಿಡಿಗೇ ಸೇರಿದ್ದು 1980ರಲ್ಲಿ. ಇನ್ನು ಕೆಲವರು, ಇವರದ್ದೆಲ್ಲ ಪರಿಹಾರದ ದುಡ್ಡಿಗಾಗಿ ನಾಟಕ ಅಂದರು. ಇದನ್ನು ಓದಿದಾಗ ನಿಜಕ್ಕೂ ಸಿಟ್ಟು ಬಂತು.

ಸಕಲವಾರ ಬರುವುದು ಇಲ್ಲಿ. ನಿಮ್ಹಾನ್ಸ್ 1976ರಲ್ಲಿ ಅಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದಿತ್ತು. ತಜ್ಞರು ಪ್ರತಿ ಹಳ್ಳಿಗೂ ಹೋಗಲಾರರು, ಸರಿ, ಹಳ್ಳಿಯ ಸರ್ಕಾರಿ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಗುರುತಿಸುವುದು, ಔಷಧಿ ಕೊಡುವುದು, ಕೂರಿಸಿಕೊಂಡು ಮಾತು ಕೇಳುವುದು ಇಷ್ಟನ್ನು ಕಲಿಸಿದರಾಗದೇ? ಅಲ್ಲಿ ಪ್ರಯೋಗ ಮಾಡಿ ನೋಡಿದ್ದು ಇದನ್ನೇ. ಭೋಪಾಲದಲ್ಲೂ ಇದೇ ದಾರಿ ಹಿಡಿದರು. 1985ರ ಏಪ್ರಿಲ್‌ನಲ್ಲಿ ಸುಮಾರು 50 ಸಾಮಾನ್ಯ ವೈದ್ಯರಿಗೆ ತರಬೇತಿ ಆಯಿತು. ಅದೂ ಬರೀ ಒಂದು ವಾರ!

ಒಂದು ವಾರದಲ್ಲಿ ಏನು ಕಲಿತಾರು ಅಂತ ನನಗೂ ಅನುಮಾನ ಬಂತು. ಆದರೆ ಅಷ್ಟರವರೆಗೆ ಕೆಮ್ಮಿಗೆ ಮಾತ್ರ ಮಾತ್ರೆ ಬರೆಯುತ್ತಿದ್ದವರು 'ರಾತ್ರಿ ನಿದ್ದೆ ಬರುತ್ತದಾ ಅಮ್ಮಾ?' ಎಂದು ಕೇಳಲು ಕಲಿತಿದ್ದರೆ ಅದೇನು ಸಣ್ಣದಲ್ಲ. ಅದೇ ವರ್ಷ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಈ ಪದ್ಧತಿ ಶುರುವಾಯಿತು, 1996ರಲ್ಲಿ ಅದೇ ಮಾದರಿಯಲ್ಲಿ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮ ಬಂತು.

ಆಘಾತದ ನೆನಪನ್ನೇ ಹಂತಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಅದಕ್ಕೆ ತರಬೇತಿ ಪಡೆದವರ ಜೊತೆ ಹಲವು ವಾರ ಕೂರಬೇಕು. ಭೋಪಾಲದ ಆ ಹೆಂಗಸರಿಗೆ ಇದು ಸಿಕ್ಕಿರಲಿಲ್ಲ. ಇವತ್ತಿಗೂ ತಾಲೂಕು ಆಸ್ಪತ್ರೆಗೆ ಹೋಗಿ ಕೇಳಿದರೆ, ಬೆಂಗಳೂರಿಗೆ ಹೋಗಿ ಅಂತಲೇ ಹೆಚ್ಚಾಗಿ ಹೇಳುತ್ತಾರೆ.