ಪ್ರತ್ಯಕ್ಷ ಮತ್ತು ಶ್ರದ್ಧೆ

ಕಣ್ಣಾರೆ ಕಂಡುದೇ ಪ್ರತ್ಯಕ್ಷವೆಂಬುದು ಲೋಕರೂಢಿ. ಜೈನಾಚಾರ್ಯರು ಇದನ್ನು ಹಾಗೆಯೇ ಒಪ್ಪಲಿಲ್ಲ. ಆತ್ಮವು ನೇರವಾಗಿ ಅರಿಯುವ ಅವಧಿ, ಮನಃಪರ್ಯಯ, ಕೇವಲಜ್ಞಾನಗಳು ಪ್ರತ್ಯಕ್ಷ. ಇಂದ್ರಿಯ, ಮನಸ್ಸುಗಳ ನೆರವಿನಿಂದ ಉಂಟಾಗುವ ಮತಿ, ಶ್ರುತಗಳು ಪರೋಕ್ಷವೆಂದು ತತ್ತ್ವಾರ್ಥಸೂತ್ರವು ವಿಭಾಗಿಸಿತು.

ಈ ಸೂತ್ರಗಳಿಗೆ ‘ಸರ್ವಾರ್ಥಸಿದ್ಧಿ’ಯೆಂಬ ವೃತ್ತಿಯನ್ನು ರಚಿಸಿದ ಪೂಜ್ಯಪಾದಾಚಾರ್ಯರು ಮತಿಜ್ಞಾನದ ಕ್ರಮವನ್ನು ದೃಷ್ಟಾಂತದಿಂದ ವಿವರಿಸಿದ್ದಾರೆ. ಬಿಳಿಯ ರೂಪವೊಂದು ಕಂಡಿತೆಂಬುದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ತಿಳಿಯಬಯಸುವುದು ಈಹೆ. ರೆಕ್ಕೆ ಬಡಿದು ಹಾರುವುದರಿಂದ ಬೆಳ್ಳಕ್ಕಿಯೇ ಎಂಬ ನಿರ್ಣಯವು ಅವಾಯ. ಮುಂದೆ ಮರೆಯದಂತೆ ಉಳಿಯುವುದು ಧಾರಣೆ.

ನೋಟವು ಹೀಗೆ ಇಂದ್ರಿಯದ ಕಾರ್ಯವಾಗಿರಲು, ‘ದೃಶ್’ ಧಾತುವಿನಿಂದ ಹುಟ್ಟಿದ ಸಮ್ಯಗ್ದರ್ಶನಕ್ಕೆ ಶ್ರದ್ಧೆಯೆಂಬ ಅರ್ಥ ಬರುವುದೆಂತು? ಆಚಾರ್ಯರೇ ಈ ಶಂಕೆಯನ್ನೆತ್ತಿ, ಧಾತುಗಳಿಗೆ ಅನೇಕ ಅರ್ಥಗಳುಂಟೆಂದೂ, ಕಣ್ಣಿನ ನೋಟವು ಸಂಸಾರಿ ಜೀವಿಗಳಿಗೆಲ್ಲ ಸಾಮಾನ್ಯವಾದುದರಿಂದ ಅದು ಮೋಕ್ಷಮಾರ್ಗವಾಗದೆಂದೂ ಸಮಾಧಾನ ಹೇಳಿದರು.

8ನೆಯ ಶತಮಾನದ ಅಕಲಂಕದೇವರು ಇಂದ್ರಿಯಜ್ಞಾನವನ್ನು ಸಾಂವ್ಯವಹಾರಿಕ ಪ್ರತ್ಯಕ್ಷವೆಂದು ಕರೆದು ಲೋಕರೂಢಿಗೂ ಎಡೆಗೊಟ್ಟರು. ಆತ್ಮದ ನೇರ ಅರಿವನ್ನು ಮುಖ್ಯ ಪ್ರತ್ಯಕ್ಷವೆಂದೇ ಉಳಿಸಿದರು.

ಬಸದಿಯ ಜಿನಬಿಂಬವು ಬಂದವರೆಲ್ಲರ ಕಣ್ಣಿಗೂ ಗೋಚರವಾಗುತ್ತದೆ. ತತ್ತ್ವದಲ್ಲಿ ಶ್ರದ್ಧೆ ನೆಲೆಗೊಂಡವನಿಗೆ ಮಾತ್ರ ಆ ನೋಟವು ದರ್ಶನವಾಗುವುದು.