ಷ್ಟೋಸ್‌ಲ್ಯುಫ್ಟನ್

ಷ್ಟೋಸ್‌ಲ್ಯುಫ್ಟನ್: ಚಳಿಗಾಲದಲ್ಲೂ ಕಿಟಕಿಗಳನ್ನು ಕೆಲವೇ ನಿಮಿಷ ಪೂರ್ತಿ ತೆರೆದು ಮನೆಯ ಗಾಳಿಯನ್ನು ಬದಲಿಸುವ ಜರ್ಮನ್ ರೂಢಿ. ಸಾಮಾನ್ಯವಾಗಿ ದಿನಕ್ಕೆ ಹಲವು ಬಾರಿ, ಪ್ರತಿ ಸಲ 5ರಿಂದ 10 ನಿಮಿಷ ನಡೆಯುತ್ತದೆ. ಎದುರುಬದುರು ಕಿಟಕಿಗಳನ್ನು ತೆರೆಯುವ ಬಗೆಗೆ ಕ್ವೇರ್‌ಲ್ಯುಫ್ಟನ್ ಎಂದು ಹೆಸರು.

ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ಕಡಿಮೆ. ಅಡುಗೆ, ಸ್ನಾನ, ಉಸಿರಾಟಗಳಿಂದ ತೇವಗೊಂಡ ಒಳಗಾಳಿಯ ಜಾಗಕ್ಕೆ ಅದು ಬರುತ್ತದೆ. ಅವಧಿ ಚಿಕ್ಕದಾದ್ದರಿಂದ ಗೋಡೆಗಳ ಶಾಖ ಉಳಿಯುತ್ತದೆ. ಕಿಟಕಿಯನ್ನು ಗಂಟೆಗಟ್ಟಲೆ ಓರೆಯಾಗಿಟ್ಟರೆ ಸುತ್ತಲಿನ ಗೋಡೆ ತಣಿದು ಬೂಷ್ಟು ಹಿಡಿಯುವ ಸಂಭವ ಹೆಚ್ಚು.

ಮ್ಯೂನಿಕ್‌ನ ಆರೋಗ್ಯವಿಜ್ಞಾನಿ ಮಾಕ್ಸ್ ಫಾನ್ ಪೆಟೆನ್‌ಕೋಫರ್ (1818–1901) 1858ರಲ್ಲಿ ಒಳಾಂಗಣದ ಗಾಳಿಯನ್ನು ಬದಲಿಸುವ ಅಗತ್ಯವಿದೆಯೇ ಎಂದು ಅಳೆಯಲು ಶೇ. 0.1 ಇಂಗಾಲದ ಡೈಆಕ್ಸೈಡ್ ಮಿತಿಯನ್ನು ಸೂಚಿಸಿದರು.

ಬಾಡಿಗೆ ಕರಾರುಗಳಲ್ಲೂ ಗಾಳಿಯಾಡಿಸುವ ಷರತ್ತು ಕಾಣಸಿಗುತ್ತದೆ. ಕೋವಿಡ್ ಹರಡಿದ್ದ 2020ರಲ್ಲಿ ಜರ್ಮನಿಯ ಕೇಂದ್ರೀಯ ಪರಿಸರ ಸಂಸ್ಥೆಯು ತರಗತಿಗಳ ಕಿಟಕಿಗಳನ್ನು 20 ನಿಮಿಷಕ್ಕೊಮ್ಮೆ ತೆರೆಯುವಂತೆ ಶಿಫಾರಸು ಮಾಡಿತು.